ಇಂದಿನ ಧಮ್ಮ ಚಿಂತನೆ: ನಿಂಬೆಹಣ್ಣು ಮತ್ತು ಬಿರುಕು ಬಿಟ್ಟ ಹೆಡ್



ನಾಗಪುರದ ದೀಕ್ಷಾಭೂಮಿಗೆ ಹೋಗಲೆಂದು ಮಂಚ, ಒಲೆ ಜೋಡಿಸಿಕೊಂಡಿದ್ದ ನಮ್ಮ ಹಳೇ ಮೆಟಡಾರ್ ದಾರಿಯಲ್ಲೇ ಕಾದು ನಿಂತಿತು. "ಯಾರದೋ ದೃಷ್ಟಿ ತಾಗಿದೆ, ನಿಂಬೆಹಣ್ಣು ಕಟ್ರಪ್ಪ" ಎಂದರು ದಾರಿಹೋಕರೊಬ್ಬರು.

ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಹಾಲು ಬೆರೆಸಿದ ಕಾಫಿಯಂತಿತ್ತು. ರೇಡಿಯೇಟರ್ ನೀರು ಅದರೊಳಗೆ ಸೇರಿತ್ತು. ಹೆಡ್ ಬಿಚ್ಚಿದರೆ ಎರಡು ವಾಲ್ವ್‌ಗಳ ನಡುವೆ ಬಿರುಕು. ಹೋಸ್ ಪೈಪ್ ಸೋರಿ ನೀರು ಇಳಿದಿದೆ, ನೀರಿಲ್ಲದೆ ಎಂಜಿನ್ ಕಾದಿದೆ, ಕಾದು ಹೆಡ್ ಬಿರಿದಿದೆ. ಪಟಿಚ್ಚ ಸಮುಪ್ಪಾದ ನನಗೆ ಯಾವ ಪುಸ್ತಕದಲ್ಲೂ ಇಷ್ಟು ಸಲೀಸಾಗಿ ಅರ್ಥವಾಗಿರಲಿಲ್ಲ. 1956ರಲ್ಲಿ ಬಾಬಾಸಾಹೇಬರು ನಮ್ಮನ್ನು ಬಿಡಿಸಿದ್ದು ಈ ನಿಂಬೆಹಣ್ಣಿನಿಂದಲೂ ಹೌದಲ್ಲವೇ?

ಅದೇ ಆಯಿಲಿನಲ್ಲಿ ಮುಂದೆ ಓಡಿಸಿದ್ದರೆ ಬೇರಿಂಗ್‌ಗಳೂ ಹೋಗುತ್ತಿದ್ದವು. ಹಿರಿಯರನ್ನು ರೈಲು ಹತ್ತಿಸಿದೆವು. ಈಗ ಹೆಡ್‌ಗೆ ವಂತಿಗೆ ಎತ್ತುತ್ತಿದ್ದೇವೆ, ಹೋಸ್ ಪೈಪನ್ನೂ ಸೇರಿಸಿ.