ಕಾರ್ಖಾನೆ ಕೊರೆದ ತೂತಿಗೆ ಮತ್ತೆ ದುಡ್ಡು ಬೇಡ

ಅಡುಗೆಮನೆಯ ಕ್ಯಾಬಿನೆಟ್‌ಗಳನ್ನು ಬಿಡಿಬಿಡಿಯಾಗಿ ಡಬ್ಬದಲ್ಲಿ ತರಿಸಿ ತಾವೇ ಜೋಡಿಸಿಕೊಳ್ಳಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಯಾವ ಡ್ರಿಲ್ಲಿಂಗ್ ಮಷಿನ್ ತಗೊಳ್ಳಲಿ?’ 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದ ಮೇಲಂತೂ ನನ್ನ ನೆಂಟರಿಷ್ಟರ ಬಾಯಲ್ಲಿ ಈ ಮಾತು ಹೆಚ್ಚಾಗಿದೆ. ನಾನು ಅವರಿಗೆ ಮಷಿನ್ ಹೆಸರು ಹೇಳುವುದಿಲ್ಲ. ಡಬ್ಬ ಬಿಚ್ಚಿ ಒಂದು ಹಲಗೆಯನ್ನು ಎದುರಿಗಿಟ್ಟುಕೊಂಡು ನೋಡಿ ಅನ್ನುತ್ತೇನೆ.

ಆ ಹಲಗೆಯಲ್ಲಿ ಉದ್ದಕ್ಕೂ ಸಾಲುಸಾಲು ತೂತುಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ 32 ಮಿಲಿಮೀಟರ್. ಯುರೋಪಿನ ಕ್ಯಾಬಿನೆಟ್ ಕಾರ್ಖಾನೆಗಳು ರೂಢಿಗೆ ತಂದ ಅಳತೆ ಅದು. ಬಾಗಿಲ ಒಳಬದಿಯಲ್ಲಿ ಹಿಂಜ್ ಕೂರುವ 35 ಮಿಲಿಮೀಟರ್ ಅಗಲದ ಗುಂಡಿ ಕೂಡ ಸಿದ್ಧವಿರುತ್ತದೆ. ಹಲಗೆ ಕೊಯ್ಯುವುದು, ಅಂಚು ಕಟ್ಟುವುದು, ತೂತು ಕೊರೆಯುವುದು, ಎಲ್ಲವನ್ನೂ ಯಂತ್ರ ಮುಗಿಸಿದೆ. ಅದರ ಕೂಲಿಯನ್ನು ನೀವು ಕ್ಯಾಬಿನೆಟ್‌ನ ಬೆಲೆಯಲ್ಲೇ ಕೊಟ್ಟಾಗಿದೆ. ಹಾಗಿರುವಾಗ ಗರಗಸದ ಮಷಿನ್, ರೌಟರ್, ನೂರು ಬಿಡಿಭಾಗಗಳ ಟೂಲ್ ಕಿಟ್ ಯಾಕೆ? ನಿಮಗೆ ಉಳಿದಿರುವುದು ಮೂರೇ ಕೆಲಸ: ಸ್ಕ್ರೂ ಬಿಗಿಯುವುದು, ಮಟ್ಟ ನೋಡುವುದು, ಗೋಡೆಗೆ ಹಿಡಿಸುವುದು. ದುಡ್ಡು ಹೋಗಬೇಕಾದದ್ದು ಅಲ್ಲಿಗೆ.

ಸ್ಕ್ರೂವಿನಿಂದಲೇ ಶುರು ಮಾಡೋಣ. ಅದರ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಸ್ ಗುರುತಿನ ನಾಲ್ಕು ಕೈಗಳ ಮಧ್ಯೆ ಕೂದಲೆಳೆಯಂಥ ಸಣ್ಣ ಗೀರುಗಳಿದ್ದರೆ ಅದು ಪೋಝಿಡ್ರೈವ್, ಇಲ್ಲದಿದ್ದರೆ ಫಿಲಿಪ್ಸ್. ಯುರೋಪಿನ ಪದ್ಧತಿಯ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಾಗಿ ಬರುವುದು ಗೀರು ಇರುವಂಥದ್ದು. ಅದಕ್ಕೆ ಪಿಝಡ್2 ಎಂದು ಬರೆದ ಬಿಟ್ಟೇ ಬೇಕು. ನಮ್ಮ ಮನೆಗಳಲ್ಲಿರುವ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಪಿಎಚ್2. ಅದೂ ಒಳಗೆ ಕೂರುತ್ತದೆ, ಆದರೆ ಅಲುಗಾಡುತ್ತದೆ. ಬಿಗಿ ಹೆಚ್ಚಾದಂತೆ ಜಾರಿ ಸ್ಕ್ರೂವಿನ ತಲೆಯನ್ನೇ ಸವೆಸಿಬಿಡುತ್ತದೆ. ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ನಾನು ಪಿಝಡ್2 ಕೇಳಿದಾಗ ಗಲ್ಲಾದಲ್ಲಿದ್ದ ಹಿರಿಯರು, ‘ಗೀರು ಇರೋದಾ ಮೇಡಂ? ಪ್ಲಸ್ ಬಿಟ್ ಕೊಡಿ ಅಂದಿದ್ರೆ ಹುಡುಗ ಬೇರೇದೇ ಕೊಡ್ತಿದ್ದ’ ಎನ್ನುತ್ತಾ ಡ್ರಾಯರ್ ಎಳೆದು, ಎರಡನ್ನೂ ಅಂಗೈ ಮೇಲಿಟ್ಟು ತುದಿ ತೋರಿಸಿದರು. ಪಿಝಡ್‌ನದು ಮೊಂಡು ತುದಿ, ಪಕ್ಕದಲ್ಲಿ ಸಣ್ಣ ಏಣುಗಳು. ಎರಡು ಒಳ್ಳೆಯ ಬಿಟ್‌ಗಳಿಗೆ ನಾನು ಕೊಟ್ಟದ್ದು ನೂರೈವತ್ತು ರೂಪಾಯಿಯ ಆಸುಪಾಸು. ಇಡೀ ಅಡುಗೆಮನೆಯ ಲೆಕ್ಕದಲ್ಲಿ ಇಷ್ಟು ಲಾಭ ತಂದ ಖರ್ಚು ಇನ್ನೊಂದಿಲ್ಲ.

ಬಿಗಿಯುವುದಕ್ಕೆ ಬ್ಯಾಟರಿಯ 12 ವೋಲ್ಟ್ ಡ್ರಿಲ್ ಡ್ರೈವರ್ ಸಾಕು. ನೋಡಬೇಕಾದದ್ದು ಅದರ ಮೂತಿಯ ಹಿಂದಿರುವ, ಅಂಕಿ ಬರೆದ ಬಳೆಯನ್ನು. ಅದು ಕ್ಲಚ್. ಚಿಕ್ಕ ಅಂಕಿಗೆ ಇಟ್ಟರೆ, ಸ್ಕ್ರೂ ಸಾಕಷ್ಟು ಬಿಗಿಯಾದ ಕೂಡಲೇ ಕಟಕಟ ಸದ್ದು ಮಾಡಿ ತಿರುಗುವುದು ನಿಲ್ಲುತ್ತದೆ. ಈ ಕ್ಯಾಬಿನೆಟ್‌ಗಳಿಗೆ ಇದು ಜೀವ ಉಳಿಸುವ ಸಂಗತಿ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ಒಂದು ಸುತ್ತು ಹೆಚ್ಚು ತಿರುಗಿದರೂ ಒಳಗಿನ ಹಿಡಿತ ಪುಡಿಯಾಗುತ್ತದೆ, ಮತ್ತೆ ಆ ತೂತಿನಲ್ಲಿ ಸ್ಕ್ರೂ ನಿಲ್ಲುವುದು ಕಷ್ಟ. ಕೊನೆಯ ಅರ್ಧ ಸುತ್ತನ್ನು ನಾನು ಕೈಯಲ್ಲೇ ತಿರುಗಿಸುತ್ತೇನೆ. ಅಂಗಡಿಯವರು ‘ಪವರ್ ಜಾಸ್ತಿ’ ಎಂದು ಇಂಪ್ಯಾಕ್ಟ್ ಡ್ರೈವರ್ ತೋರಿಸುತ್ತಾರೆ. ಬೇಡ. ಅದು ಬಡಿದು ಬಡಿದು ತಿರುಗಿಸುವ ಮಷಿನ್, ಗಟ್ಟಿ ಮರಕ್ಕೂ ಕಬ್ಬಿಣಕ್ಕೂ ಸರಿ. ಕ್ಲಚ್ ಬಳೆ ಸಾಮಾನ್ಯವಾಗಿ ಅದಕ್ಕಿರುವುದಿಲ್ಲ.

ಬ್ಯಾಟರಿ ಮಷಿನ್ ಕೊಳ್ಳುವಾಗ ಹಣದ ಲೆಕ್ಕ ಮಷಿನ್‌ನದಲ್ಲ, ಬ್ಯಾಟರಿಯದು. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷಿನ್‌ಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಇವತ್ತು ಕೊಂಡ ಕಂಪನಿಯನ್ನೇ ನಾಳೆಯೂ ಕೊಳ್ಳುತ್ತೀರಿ ಅಂತ ಅರ್ಥ. ಅಗ್ಗವಾಗಿ ಕಾಣುವ ಕೆಲವು ಡಬ್ಬಗಳಲ್ಲಿ ಬರೀ ಮಷಿನ್ ಇರುತ್ತದೆ, ಬ್ಯಾಟರಿ ಮತ್ತು ಚಾರ್ಜರ್ ಬೇರೆ. ಎರಡು ಬ್ಯಾಟರಿ, ಚಾರ್ಜರ್ ಸೇರಿ ನನಗೆ ಬಿದ್ದದ್ದು ಆರು ಸಾವಿರದ ಹತ್ತಿರ. ಬಿಲ್ ಇಲ್ಲದೆ ಕೊಳ್ಳಬೇಡಿ, ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಅದನ್ನು. ಇಎಂಐನಲ್ಲಂತೂ ಬೇಡವೇ ಬೇಡ.

ಇನ್ನು ಗೋಡೆ. ಅಲ್ಲೇ ಜನ ಹೆಚ್ಚು ದುಡ್ಡು ಕಳೆಯುವುದು. ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್ ಗೋಡೆಯಾದರೆ ಕರೆಂಟಿನ ಮಾಮೂಲಿ ಇಂಪ್ಯಾಕ್ಟ್ ಡ್ರಿಲ್, ತುದಿಗೆ ಕಾರ್ಬೈಡ್ ಕೂರಿಸಿದ ಬಿಟ್ ಸಾಕು. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಗುರವಾದ ಎಎಸಿ ಬ್ಲಾಕ್ ಇರುತ್ತದೆ. ಅದಕ್ಕೆ ಬಡಿತ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು, ಅದಕ್ಕೆಂದೇ ಬರುವ ಪ್ಲಗ್ ಹಾಕಬೇಕು. ಮೈವಾನ್ ಕಟ್ಟಡವಾದರೆ ಗೋಡೆಯೆಲ್ಲ ಕಬ್ಬಿಣ ಹಾಕಿದ ಕಾಂಕ್ರೀಟ್. ಅಲ್ಲಿ ಮಾಮೂಲಿ ಡ್ರಿಲ್ ಚೀರಾಡುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ, ರೋಟರಿ ಹ್ಯಾಮರ್ ಬೇಕು. ನನ್ನದು ಅಂಥದ್ದೇ ಗೋಡೆ. ಎಂಟೋ ಹತ್ತೋ ಸಾವಿರದ ಆ ಮಷಿನ್ ವರ್ಷಕ್ಕೊಮ್ಮೆಯೂ ಕೈಗೆ ಬರುವುದಿಲ್ಲವೆಂದು ದಿನದ ಬಾಡಿಗೆಗೆ ತಂದೆ. ನಾನೂರು ರೂಪಾಯಿ ಬಾಡಿಗೆ, ಅಡ್ವಾನ್ಸ್ ಬೇರೆ. ಬಾಡಿಗೆಯವರ ಬಿಟ್ ಬಹುತೇಕ ಸವೆದಿರುತ್ತದೆ, ಬಿಟ್ ಮಾತ್ರ ಹೊಸದು ಕೊಳ್ಳಿ. ಗೋಡೆಯ ಸ್ಕ್ರೂ, ಪ್ಲಗ್‌ಗಳನ್ನು ಎಷ್ಟೋ ಕ್ಯಾಬಿನೆಟ್ ಕಂಪನಿಗಳು ಡಬ್ಬದಲ್ಲಿ ಕೊಡುವುದಿಲ್ಲ, ಗೋಡೆ ಎಂಥದ್ದೆಂದು ಅವರಿಗೆ ಗೊತ್ತಿರದ ಕಾರಣ. ತಟ್ಟೆ, ಲೋಟ, ಬೇಳೆಕಾಳು ತುಂಬಿದ ಕಪಾಟು ತಲೆಯ ಮೇಲೆ ತೂಗುತ್ತದೆ. ಇಲ್ಲಿ ನೂರು ರೂಪಾಯಿ ಉಳಿಸಲು ಹೋಗಬಾರದು. ಕೊರೆಯುವ ಮುಂಚೆ ಸ್ವಿಚ್‌ಬೋರ್ಡ್‌ನ ನೇರ ಮೇಲೆ, ನಲ್ಲಿಯ ನೇರ ಮೇಲೆ ವೈರು, ಪೈಪು ಹೋಗಿರಬಹುದೆಂಬುದು ನೆನಪಿರಲಿ.

ಮಟ್ಟಕ್ಕೆ ಎರಡಡಿಯ ಒಳ್ಳೆಯ ರಸಮಟ್ಟ ಒಂದು ಸಾಕು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತೆಂದು ನೋಡಿ, ಅದೇ ಜಾಗದಲ್ಲಿ ಬಲದ ತುದಿ ಎಡಕ್ಕೆ ಬರುವಂತೆ ತಿರುಗಿಸಿಡಿ. ಗುಳ್ಳೆ ಮತ್ತೆ ಅಲ್ಲೇ ನಿಂತರೆ ದುಡ್ಡು ಕೊಡಿ, ಸರಿದರೆ ಬೇರೆ ಕೇಳಿ. ಮೊಬೈಲಿನ ಆ್ಯಪ್ ನಂಬಿ ಮೇಲಿನ ಸಾಲು ಹೊಡೆಯಬೇಡಿ. ಮೊದಲ ಕಪಾಟಿನ ಕೂದಲೆಳೆ ವ್ಯತ್ಯಾಸ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಬಾಗಿಲುಗಳ ಸಂದಿಯಲ್ಲಿ ಎದ್ದು ಕಾಣುತ್ತದೆ. ಟೇಪು, ರಬ್ಬರ್ ಸುತ್ತಿಗೆ, ಪೆನ್ಸಿಲ್ ಮನೆಯಲ್ಲಿ ಇದ್ದೇ ಇರುತ್ತವೆ.

ಜೋಡಣೆಗೆಂದು ನನಗೆ ಹೇಳಿದ್ದ ಕೂಲಿ ಹದಿನಾಲ್ಕು ಸಾವಿರ. ನನ್ನ ಸಾಮಾನು, ಬಾಡಿಗೆ ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಮಷಿನ್ ಮನೆಯಲ್ಲುಳಿಯಿತು, ಅದರಲ್ಲೇ ಅಮ್ಮನ ಮನೆಯ ಪುಸ್ತಕದ ಕಪಾಟೂ ಎದ್ದು ನಿಂತಿತು. ಗ್ರಾನೈಟ್‌ನಲ್ಲಿ ಸಿಂಕಿಗೆ ಜಾಗ ಕೊಯ್ಯುವುದಕ್ಕೂ ಗ್ಯಾಸ್ ಪೈಪ್ ಸರಿಸುವುದಕ್ಕೂ ಮಾತ್ರ ಆಯಾ ಕೆಲಸದವರನ್ನೇ ಕರೆಸಿ, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಟ್ಟೆ.