ಜೋಕಪ್ಪನಿಂದ ಗೌರಿ ಹುಣ್ಣಿಮೆವರೆಗೆ: ಮನೆಮಂದಿ ಕೂಡಿ ಹಾಡಲು ಎಂಟು ಸೂತ್ರ

ಜಪಾನಿನ ಮಕ್ಕಳಿಗೆ ಶರದೃತುವಿನ ಹಾಡು ಶಾಲೆಯ ಪುಸ್ತಕದಲ್ಲೇ ಸಿಕ್ಕಿತು. 1910ರ 'ಮುಶಿ ನೊ ಕೊಎ'ಯಲ್ಲಿ ಹುಳಗಳ ದನಿ, 1911ರ 'ಮೊಮಿಜಿ'ಯಲ್ಲಿ ಕೆಂಪೇರಿದ ಎಲೆ. ಅಜ್ಜಿ ಕಲಿತದ್ದನ್ನೇ ಮೊಮ್ಮಗಳೂ ಕಲಿತಾಗ ಕೂಡಿ ಹಾಡುವುದೇನು ಕಷ್ಟ? ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಎಲೆ ಕೆಂಪಾಗುವುದಿಲ್ಲ, ನಿಜ. ಆದರೆ ಭಾದ್ರಪದದಿಂದ ಕಾರ್ತೀಕದ ತನಕ ಹಾಡಿಗೆ ಬರವೂ ಇಲ್ಲ. ಅವು ಪುಸ್ತಕಕ್ಕಿಂತ ಹೆಚ್ಚಾಗಿ ಕೆಲಸದೊಳಗೆ, ನಡಿಗೆಯೊಳಗೆ ಅಡಗಿ ಕೂತಿವೆ. ಅಲ್ಲಿಂದಲೇ ಹೊರಡಿಸಬೇಕು.

1. ಪಂಚಾಂಗ ತೆಗೆದು ನಾಲ್ಕು ದಿನ ಗುರುತು ಹಾಕಿ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯವರೆಗೆ ತಿರುಗುವ ಜೋಕುಮಾರ (ನಮ್ಮ ಜೋಕಪ್ಪ), ಆಶ್ವೀಜದ ಶೀಗಿ ಹುಣ್ಣಿಮೆ, ದೀಪಾವಳಿ, ಕಾರ್ತೀಕದ ಗೌರಿ ಹುಣ್ಣಿಮೆ. ಈ ವರ್ಷ ಒಂದೇ ಹಬ್ಬದ ಹಾಡು ಹಿಡಿಯಿರಿ. ನಾಲ್ಕನ್ನೂ ಒಮ್ಮೆಲೇ ಹಿಡಿದವರ ಬಾಯಿಗೆ ಒಂದೂ ನಿಂತದ್ದು ನಾನು ನೋಡಿಲ್ಲ.

2. ಹಿರಿಯರಿಗೆ 'ಹಾಡು' ಎನ್ನಬೇಡಿ, ಕೆಲಸ ಕೊಡಿ. ನಮ್ಮ ಆಯಿಯ ಮುಂದೆ ಫೋನ್ ಹಿಡಿದು ಎರಡು ದಿನ ಕೂತೆ. "ಎಲ್ಲಾ ಮರ್ತ ಹೋಗ್ಯಾವೋ ತಮ್ಮಾ, ಈಗೆಲ್ಲಿ ಹಾಡು" ಎಂದು ಸೆರಗು ಸರಿಮಾಡಿಕೊಂಡಳು, ಅಷ್ಟೇ. ಮೂರನೇ ದಿನ ಹೊಲದಿಂದ ಕಿತ್ತು ತಂದ ಶೇಂಗಾ ಬಳ್ಳಿ ಪಡಸಾಲೆಯಲ್ಲಿ ಬಿತ್ತು. ಆಯಿ ಕಾಲು ಚಾಚಿ ಕೂತು ಕಾಯಿ ಹರಿಯತೊಡಗಿದಳು. ಹತ್ತು ಬಳ್ಳಿ ಆಗುವಷ್ಟರಲ್ಲಿ ತುಟಿ ಅಲುಗಿತು, ಇಪ್ಪತ್ತಕ್ಕೆ ದನಿ ಬಂತು. ಕಾಯಿ ಬುಟ್ಟಿಗೆ ಬೀಳುವ ಸಪ್ಪಳವೇ ತಾಳ. ನಡುವೆ ಚಹಾ ಕುಡಿಯಲು ಕೈ ನಿಲ್ಲಿಸಿದಳು, ಪದವೂ ನಿಂತಿತು. ಮುಂದಿನ ನುಡಿ ಕೇಳಿದರೆ ಗೊತ್ತಿಲ್ಲ ಎಂದಳು. ಮತ್ತೆ ಬಳ್ಳಿ ಹಿಡಿದ ಮೇಲೆ ಅದು ತಾನಾಗಿಯೇ ಬಂತು! ಮಕ್ಕಳನ್ನೂ ಅದೇ ರಾಶಿಯ ಸುತ್ತ ಕೂರಿಸಿ. ಅರ್ಧ ಶೇಂಗಾ ಅವರ ಹೊಟ್ಟೆಗೆ ಹೋಗಲಿ, ಪರವಾಗಿಲ್ಲ.

3. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಲೇಬೇಕು. ಅಂದು ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸುವ ದಿನ. ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಬುಟ್ಟಿ ತುಂಬುತ್ತವೆ. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿದ ಮೇಲೆ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಚರಗ ಮಾಡುತ್ತಾರೆ. ಮುಂದೆ ಒಬ್ಬರು ಬೆಳೆಯ ಮೇಲೆ ಚರಗ ಚೆಲ್ಲುತ್ತ ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ ಅದಕ್ಕೆ ದನಿಗೂಡಿಸಬೇಕು. ಒಂದು ಕೂಗು, ಒಂದು ಮಾರುತ್ತರ. ಹಾಡು ಬಾರದ ಅಳಿಯನಿಗೂ ಇದು ಬರುತ್ತದೆ. ಸಣ್ಣವರಿಗೆ ನೀರಿನ ತಂಬಿಗೆ ಕೊಡಿ, ಕೂಗುವ ಕೆಲಸ ಅವರದೇ ಆಗುತ್ತದೆ. ಬೆಟಗೇರಿಯ ಮಗ್ಗದ ಓಣಿಯವರಿಗೆ ಸ್ವಂತ ಹೊಲ ಇರಲಿಕ್ಕಿಲ್ಲ. ಪರಿಚಯದವರ ಟ್ರ್ಯಾಕ್ಟರ್ ಹತ್ತಿ, ಬುತ್ತಿ ಕಟ್ಟಿಕೊಂಡು ಹೋದರೆ ಯಾರೂ ಬೇಡ ಅನ್ನುವುದಿಲ್ಲ.

4. ಜೋಕಪ್ಪ ಬಂದಾಗ ಬಾಗಿಲು ಹಾಕಿಕೊಳ್ಳಬೇಡಿ. ಬುಟ್ಟಿಯಲ್ಲಿ ಬೇವಿನ ಸೊಪ್ಪು, ಅದರ ನಡುವೆ ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡ ಮಣ್ಣಿನ ಮೂರ್ತಿ. ಹೊತ್ತು ತರುವ ಹೆಣ್ಣುಮಕ್ಕಳು ಅಂಗಳದಲ್ಲೇ ಕೂತು ಹಾಡುತ್ತಾರೆ. ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ಮಕ್ಕಳ ಕೈಯಿಂದಲೇ ಕೊಡಿಸಿ, ಇನ್ನೆರಡು ನುಡಿ ಹಾಡಿಸಿ. ಕೆಲವು ಪದಗಳು ಸ್ವಲ್ಪ ಪೋಲಿ. ಅರ್ಥ ಕೇಳಿದರೆ "ದೊಡ್ಡವನಾದ ಮ್ಯಾಲೆ ಹೇಳ್ತೀನಿ" ಅಂದರೆ ಸಾಕು.

5. ಬೇರೆ ಮನೆಯ ಹಾಡಿಗೂ ಕಿವಿ ಕೊಡಿ. ಶಿರಹಟ್ಟಿ, ಮುಂಡರಗಿ ಕಡೆ, ಕಪ್ಪತಗುಡ್ಡದ ಆಸುಪಾಸಿನಲ್ಲಿ ಲಂಬಾಣಿ ತಾಂಡಾಗಳಿವೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಹೆಸರು ಹಿಡಿದು ಹರಸಿ ಹಾಡುವ ಪದಕ್ಕೆ 'ಮೇರಾ' ಎನ್ನುತ್ತಾರೆ. ಮರುದಿನ ಕಾಡಿಗೆ ಹೋಗಿ ಹೂ ತರುವಾಗಲೂ ಹಾಡೇ. ಹೋದ ವರ್ಷ ಮುಂದೆ ನಿಂತು ಹಾಡಿದ ಹುಡುಗಿ ಈ ವರ್ಷ ಗಂಡನ ಮನೆಯಲ್ಲಿರುತ್ತಾಳೆ. ಹಾಗಾಗಿ ಆ ಸಂಭ್ರಮದೊಳಗೇ ಒಂದು ಗಂಟಲು ಕಟ್ಟುವ ಜಾಗವಿದೆ. ಗೆಳೆಯರು ಕರೆದರೆ ಹೋಗಿ. ಫೋನ್ ಜೇಬಿನಲ್ಲೇ ಇರಲಿ.

6. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಆಸೆ ತೋರಿಸಿ. ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆದ ಆನೆ, ನವಿಲು, ತೇರು ತಟ್ಟೆಯಲ್ಲಿದ್ದರೆ ಹೆಣ್ಣುಮಕ್ಕಳನ್ನು ಹಾಡಲು ಕರೆಯುವ ಕಷ್ಟವಿಲ್ಲ. ನಿಯಮ ಒಂದೇ: ಆರತಿ ಪದ ಮುಗಿಯುವ ತನಕ ನವಿಲಿನ ಬಾಲ ಮುರಿಯಬಾರದು. ಮುರಿಯುತ್ತದೆ.

7. ಹಾರ್ಮೋನಿಯಂ ಇಳಿಸಬೇಡಿ. ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರು ನಮ್ಮದು, ಹಾಡು ಎಂದರೆ ನಮಗೆ ಕೂಡಲೇ ಶ್ರುತಿಶುದ್ಧಿ ನೆನಪಾಗುತ್ತದೆ. ಅದರ ಜಾಗ ಬೇರೆ. ಇಲ್ಲಿ ಅಜ್ಜಿಯ ದನಿ ಎಲ್ಲಿ ನಿಲ್ಲುತ್ತದೋ ಅದೇ ಶ್ರುತಿ. 'ಅಪಸ್ವರ ಬಂತು' ಎಂದು ಒಮ್ಮೆ ಅಂದಿರೋ, ಆ ಮಗು ಮುಂದಿನ ಹುಣ್ಣಿಮೆಗೆ ಬಾಯಿ ಬಿಡುವುದಿಲ್ಲ.

8. ಕೊನೆಗೆ ಒಂದು ಜಪಾನಿ ಹಾಡನ್ನೂ ಕೇಳಿಸಿ. 'ಅಕಾ ತೊಂಬೊ' ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆ. ಮಿಕಿ ರೋಫು ಬರೆದ ಕವಿತೆಗೆ ಯಮಾದಾ ಕೋಸಾಕು 1927ರಲ್ಲಿ ಧಾಟಿ ಕಟ್ಟಿದರು. ಬೆನ್ನ ಮೇಲೆ ಹೊತ್ತು ಆಡಿಸಿದ ಹುಡುಗಿ ಮದುವೆಯಾಗಿ ದೂರ ಹೋದ ನೆನಪು ಅದರಲ್ಲಿದೆ. ಮಧ್ಯಮ, ನಿಷಾದ ಇಲ್ಲದ ಐದೇ ಸ್ವರ, ನಮ್ಮ ಭೂಪ ರಾಗದವೇ. ಸಂಗೀತ ಕಲಿಯುವ ಮಕ್ಕಳಿದ್ದರೆ ತಾವೇ ಗುರುತು ಹಿಡಿಯುತ್ತಾರೆ. ಅದನ್ನು ಪಡಸಾಲೆಯಲ್ಲಿ ಸಣ್ಣಗೆ ಹಾಕಿದ್ದೆ. ಆಯಿ ಬಳ್ಳಿಯಿಂದ ತಲೆ ಎತ್ತದೆ ಕೇಳಿದಳು: "ಇದ್ಯಾವೂರ ಜೋಗುಳನೋ ತಮ್ಮಾ?"