ಗೇರ್ ಕಲಿತುಕೋ ಪುಟ್ಟಿ

ಪುಟ್ಟಿ, ಬರೋ ತಿಂಗಳು ನಿನಗೆ 18 ತುಂಬುತ್ತದೆ. ತಿಪಟೂರು ಆರ್‌ಟಿಓಗೆ ಹಾಕುವ ಅರ್ಜಿಯಲ್ಲಿ ಗೇರ್ ಇಲ್ಲದ ಗಾಡಿಗಷ್ಟೇ ಲೈಸೆನ್ಸ್ ಕೇಳುತ್ತೀನಿ, ಓಡಿಸೋದು ಸ್ಕೂಟಿ ತಾನೇ ಅಂದೆಯಂತೆ. ಅರ್ಜಿ ಕಳಿಸೋ ಮುಂಚೆ ಈ ತಾತನ ಮಾತು ಕೇಳು.

1988ರ ಮೋಟಾರು ವಾಹನ ಕಾಯ್ದೆ ಗೇರ್ ಇರೋ ಬೈಕನ್ನು ಒಂದು ವರ್ಗ, ಇಲ್ಲದ್ದನ್ನು ಇನ್ನೊಂದು ವರ್ಗ ಮಾಡಿದೆ. ಗೇರ್ ಇರೋದಕ್ಕೆ ಲೈಸೆನ್ಸ್ ಪಡೆದರೆ ಸ್ಕೂಟಿಯನ್ನೂ ಓಡಿಸಬಹುದು. ಇಲ್ಲದ್ದಕ್ಕೆ ಪಡೆದು ನಿಮ್ಮಪ್ಪನ ಸ್ಪ್ಲೆಂಡರ್ ಹತ್ತಿದೆಯೋ, ಲೈಸೆನ್ಸೇ ಇಲ್ಲದ ಲೆಕ್ಕ. ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಟ್ಟ ಇನ್ಶೂರೆನ್ಸ್‌ನವರು ಆ ದುಡ್ಡು ವಸೂಲಿ ಮಾಡಲು ನಿಮ್ಮಪ್ಪನ ಬೆನ್ನು ಹತ್ತಬಹುದು. ವರ್ಷದ ಕೊಬ್ಬರಿಯೆಲ್ಲ ಅಲ್ಲಿಗೇ ಹೋಗುತ್ತದೆ. ನಿನ್ನ ತಮ್ಮನಿಗೂ ಹೇಳು: 16ಕ್ಕೆ ಸಿಗೋ ಲೈಸೆನ್ಸ್ 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ನಮ್ಮ ಸ್ಕೂಟಿ ಅದಕ್ಕಿಂತ ದೊಡ್ಡದು, ಅವನು ಮುಟ್ಟಬಾರದು.

ಕಾರಿನ ವಿಷಯ ಬೇರೆ. ನಮ್ಮಲ್ಲಿ ಎಲ್ಲ ಕಾರಿಗೂ ಎಲ್‌ಎಂವಿ ಅನ್ನೋ ಲಘು ವಾಹನದ ಲೈಸೆನ್ಸ್ ಒಂದೇ. ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟವಳಿಗೂ ಗೇರ್ ಕಾರು ಓಡಿಸೋ ಒಪ್ಪಿಗೆ ಸಿಕ್ಕಿಬಿಡುತ್ತದೆ. ನನಗೆ ಭಯ ಇರೋದೇ ಇಲ್ಲಿ. ಕಾರ್ಡು ಒಪ್ಪಿದ ಮಾತ್ರಕ್ಕೆ ಎಡಗಾಲಿಗೆ ಕ್ಲಚ್ ಒಗ್ಗೀತೆ? ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್‌ನಲ್ಲಿ ಪಾಸಾದವರು ಅದನ್ನೇ ಓಡಿಸಬೇಕು, ಗೇರ್ ಬೇಕೆಂದರೆ ಮತ್ತೆ ಪರೀಕ್ಷೆ. ಓದೋಕೆ ಅಲ್ಲಿಗೆ ಹೋಗೋ ಆಸೆ ನಿನಗಿದೆಯಲ್ಲ, ನಮ್ಮ ಲೈಸೆನ್ಸ್ ಅಲ್ಲಿ 12 ತಿಂಗಳು ನಡೆಯುತ್ತದೆ, ಆಮೇಲೆ ಅವರ ಪರೀಕ್ಷೆಯೇ ಗತಿ. ಕೈಗೆ ಗೇರ್ ಗೊತ್ತಿದ್ದರೆ ಅಲ್ಲೂ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು.

ನನಗೆ ಇಷ್ಟು ಹಟ ಯಾಕೆಂದರೆ, ನೀನಿನ್ನೂ ಚಿಕ್ಕವಳು, ನಮ್ಮ ತೋಟದಲ್ಲಿ ಕಾಯಿ ಕೆಡವುತ್ತಿದ್ದವನು ಜಾರಿ ಬಿದ್ದ. ಗಂಡಸರೆಲ್ಲ ತಿಪಟೂರು ಮಾರ್ಕೆಟ್ಟಿಗೆ ಹೋಗಿದ್ದರು. ನನಗೆ ಕಣ್ಣಿನ ಆಪರೇಷನ್ ಆಗಿ ಎರಡೇ ದಿನ, ಕಣ್ಣಿಗೆ ಪಟ್ಟಿ. ಪಕ್ಕದ ಮನೆಯವರ ಪಿಕಪ್ ಕೀ ಸಮೇತ ಬಾಗಿಲಲ್ಲೇ ನಿಂತಿತ್ತು. ನಿಮ್ಮಮ್ಮ ಹತ್ತಿ ಕೂತಳು. ಸ್ಟಾರ್ಟ್ ಮಾಡೋದು, ಗಾಡಿ ಜಗ್ಗಿ ಆಫ್ ಆಗೋದು, ಮತ್ತೆ ಸ್ಟಾರ್ಟ್ ಮಾಡೋದು. ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟೆ. ಹಾಫ್ ಕ್ಲಚ್ ಬಾಯಿಮಾತಲ್ಲಿ ಬರೋದಲ್ಲ ಕಣಮ್ಮಾ. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಸಿಗೋವರೆಗೆ ಅರ್ಧ ಗಂಟೆ ಅವನು ಮರದ ಬುಡದಲ್ಲೇ ನರಳುತ್ತಾ ಮಲಗಿದ್ದ. ಬದುಕಿದ, ದೇವರು ದೊಡ್ಡವನು. ಆದರೆ ಸ್ಟೀರಿಂಗ್ ಹಿಡಿದು ಅಳುತ್ತಾ ಕೂತಿದ್ದ ನಿಮ್ಮಮ್ಮನ ಮುಖ ನನ್ನ ಕಣ್ಣಿಂದ ಹೋಗಿಲ್ಲ.

ಆಟೊಮ್ಯಾಟಿಕ್ ಕೀಳು ಅಂತ ನಾನು ಹೇಳುತ್ತಿಲ್ಲ. ನಿನ್ನ ದೊಡ್ಡಮ್ಮನ ಎಡ ಮಂಡಿ ಸವೆದಿದೆ, ಕ್ಲಚ್ ತುಳಿಯೋದು ಅವಳಿಂದಾಗಲ್ಲ. ಅವಳು ಆಟೊಮ್ಯಾಟಿಕ್ ಕಾರನ್ನೇ ಕಲಿಯಲಿ, ನಾನೇ ಮುಂದೆ ನಿಂತು ಕಲಿಸುತ್ತೀನಿ. ನಾಳೆ ನೀನು ಕೊಳ್ಳೋದೂ ಅದೇ ಇರಬಹುದು. ಆದರೆ ನಮ್ಮೂರಲ್ಲಿ ಕಷ್ಟಕಾಲಕ್ಕೆ ಸಿಗೋ ಗಾಡಿ ಇನ್ನೊಬ್ಬರದು, ಅದಕ್ಕೆ ಗೇರ್ ಇದ್ದೇ ಇರುತ್ತದೆ.

ಎಲ್‌ಎಲ್, ಅಂದರೆ ಕಲಿಯೋರ ಲೈಸೆನ್ಸ್, ಬಂದ ಮೇಲೆ ಪರೀಕ್ಷೆಗೆ 30 ದಿನ ಕಾಯಲೇಬೇಕು. ಅಟ್ಟದಲ್ಲಿರೋ ಕಾಯಿ ಕೊಬ್ಬರಿಯಾಗಲಿ ಅಂತ ಹೆಚ್ಚುಕಮ್ಮಿ ವರ್ಷವಿಡೀ ಕಾಯೋ ಮನೆಯವಳು ನೀನು, ಒಂದು ತಿಂಗಳು ಯಾವ ಲೆಕ್ಕ? ಎರಡಕ್ಕೂ ಅರ್ಜಿ ಹಾಕು, ಗೇರ್ ಬೈಕು, ಎಲ್‌ಎಂವಿ. ಎಲ್‌ಎಲ್ ಕೈಗೆ ಬಂದ ದಿನವೇ ಕಲ್ಲೇಶ್ವರನಿಗೆ ಒಂದು ಕಾಯಿ ಒಡೆಸಿಕೊಂಡು ಬಾ. ಹಳೇ ಗೇರ್ ಕಾರಿಗೆ ಎಲ್ ಬೋರ್ಡು ಅಂಟಿಸಿ ಕಾಯುತ್ತಿರುತ್ತೀನಿ.